ಎಲ್ಲ ಹಸಿರು, ಕೆಲಸ ಮಾತ್ರ ಆಗಿಲ್ಲ: ಪ್ರಾಜೆಕ್ಟ್ ಪೋರ್ಟ್‌ಫೋಲಿಯೊಗೆ ಅಳತೆ ಹಾಕುವ ಬಗೆ

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಕಂಪನಿಯ ಪಿಎಂಒಗೆ, ಅಂದರೆ ಎಲ್ಲ ಪ್ರಾಜೆಕ್ಟುಗಳ ಮೇಲೆ ಕಣ್ಣಿಡುವ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಆಫೀಸಿಗೆ ಸೇರಿದೆ. ಮೊದಲ ಸೋಮವಾರವೇ ಕೈಗೆ ಒಂದು ಎಕ್ಸೆಲ್ ಶೀಟ್ ಬಂತು. 23 ಪ್ರಾಜೆಕ್ಟ್, 41 ಕಾಲಂ. ಒಂದು ಸ್ಕ್ರೀನಿಗೆ ಹಿಡಿಸುತ್ತಿರಲಿಲ್ಲ, ಬಲಕ್ಕೆ ಎಳೆಯುತ್ತಲೇ ಹೋಗಬೇಕು. ಸರಿಯಾಗಿ ಸಾಗುತ್ತಿದ್ದರೆ ಹಸಿರು, ಅನುಮಾನವಿದ್ದರೆ ಹಳದಿ, ಕೆಟ್ಟಿದ್ದರೆ ಕೆಂಪು. 21 ಹಸಿರು, ಎರಡು ಹಳದಿ, ಕೆಂಪು ಒಂದೂ ಇಲ್ಲ. ಪರವಾಗಿಲ್ಲ, ಒಳ್ಳೆ ಜಾಗಕ್ಕೇ ಬಂದೆ ಅಂದುಕೊಂಡೆ. ಆರು ವಾರ ಕಳೆಯುವುದರೊಳಗೆ ಮೂರು ಹಸಿರು ಪ್ರಾಜೆಕ್ಟ್‌ಗಳು ರಾತ್ರೋರಾತ್ರಿ ಕೆಂಪಾದವು. ಹಿಂದಿನ ವಾರ ‘ಶೇ 90 ಮುಗಿದಿದೆ’ ಎಂದಿದ್ದ ಕೆಲಸಕ್ಕೆ ಇನ್ನೂ ಐದು ತಿಂಗಳು ಬೇಕಂತೆ.

ಇಂಥವಕ್ಕೆ ಐಟಿ ಜನ ಇಟ್ಟಿರುವ ಹೆಸರು ಕಲ್ಲಂಗಡಿ. ಹೊರಗೆ ಹಸಿರು, ಕೊಯ್ದರೆ ಕೆಂಪು.

ಹಾಗಂತ ಯಾರೂ ಬೇಕೆಂದೇ ಸುಳ್ಳು ಹೇಳಿರಲಿಲ್ಲ. ಪ್ರತಿ ಶುಕ್ರವಾರ ಎರಡು ಗಂಟೆ ಕೂತು ಕಾಲಂ ತುಂಬುತ್ತಿದ್ದರು. ಆ ಕಾಲಂ ನೋಡಿ ಯಾರೂ ಏನನ್ನೂ ತೀರ್ಮಾನಿಸುತ್ತಿರಲಿಲ್ಲ, ಅಷ್ಟೇ. ಗಾದೆಯನ್ನು ತಿರುಗಿಸಿದರೆ, ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಆಮೇಲೆ ನಾವು ಆ ಶೀಟನ್ನು ಮೊದಲಿಂದ ಕಟ್ಟಿದೆವು. ಎರಡು ಸಲ ಎಡವಿದೆವು. ಈಗ ಮತ್ತೊಮ್ಮೆ ಮಾಡುವುದಾದರೆ ಯಾವ ಕ್ರಮದಲ್ಲಿ ಮಾಡುತ್ತೇನೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಉದ್ದಕ್ಕೂ ಕೇಳಬೇಕಾದ ಪ್ರಶ್ನೆ ಒಂದೇ: ಈ ನಂಬರ್ ಬದಲಾದರೆ ನಾವು ಬೇರೆ ಏನಾದರೂ ಮಾಡುತ್ತೇವಾ? ಉತ್ತರ ‘ಇಲ್ಲ’ ಅಂತಾದರೆ ಆ ನಂಬರ್ ಎಷ್ಟೇ ಚೆಂದವಿರಲಿ, ಬೇಡ.

ಹೆಜ್ಜೆ 1: ಪಟ್ಟಿಯಲ್ಲಿ ಏನೇನಿದೆ ಅಂತ ನಿಜವಾಗಿ ಎಣಿಸಿ

ಇದು ಸುಲಭದ ಕೆಲಸ ಅನಿಸುತ್ತದೆ. ಅಲ್ಲ. ನಮ್ಮ ಶೀಟಿನಲ್ಲಿ 23 ಇದ್ದವು. ಮ್ಯಾನೇಜರ್‌ಗಳನ್ನು ಬಿಟ್ಟು ಕೆಲಸ ಮಾಡುವವರನ್ನೇ ಕೇಳಿದೆವು: ‘ಈ ವಾರ ಯಾವ ಯಾವ ಕೆಲಸಕ್ಕೆ ಕೂತಿದ್ರಿ?’ ಎಲ್ಲ ಸೇರಿಸಿ ನೋಡಿದರೆ 37 ಹೆಸರು. ಯಾರೋ ಡೈರೆಕ್ಟರ್ ಕಾರಿಡಾರಿನಲ್ಲಿ ಸಿಕ್ಕಾಗ ಹೇಳಿದ್ದು, ‘ಸುಮ್ನೆ ಒಂದು ಚಿಕ್ಕ ಡೆಮೊ’, ಎರಡು ವರ್ಷದ ಹಿಂದೆ ‘ಮುಗಿದ’ ಪ್ರಾಜೆಕ್ಟಿನ ಬಾಲ. ಇವಕ್ಕೆಲ್ಲ ಬಜೆಟ್ ಇಲ್ಲ, ಆದರೆ ಜನ ಇದ್ದಾರೆ. ಈ ಎಣಿಕೆ ಆಗದೆ ಮುಂದಿನ ಯಾವ ಅಳತೆಯೂ ನಿಲ್ಲುವುದಿಲ್ಲ.

ಹೆಜ್ಜೆ 2: ಅಳತೆಗೂ ಮೊದಲು ತೀರ್ಮಾನಗಳನ್ನು ಬರೆದಿಡಿ

ಪ್ರಾಜೆಕ್ಟ್ ಮ್ಯಾನೇಜರನ ಚಿಂತೆ ಬೇರೆ, ಪೋರ್ಟ್‌ಫೋಲಿಯೊ, ಅಂದರೆ ಕಂಪನಿಯ ಎಲ್ಲ ಪ್ರಾಜೆಕ್ಟುಗಳನ್ನು ಒಟ್ಟಿಗೆ, ನೋಡುವವರ ಚಿಂತೆ ಬೇರೆ. ‘ಹಿಡಿದ ಕೆಲಸ ಸರಿಯಾಗಿ ಮುಗಿಯುತ್ತದಾ?’ ಅನ್ನುವುದು ಮೊದಲನೆಯವರ ಪ್ರಶ್ನೆ. ‘ಹಿಡಿದದ್ದೇ ಸರಿಯಾದ ಕೆಲಸವಾ? ಇದೇ ದುಡ್ಡು, ಇದೇ ಜನ ಬೇರೆ ಕಡೆ ಹೋದರೆ ಹೆಚ್ಚು ಉಪಯೋಗವಾ?’ ಅನ್ನುವುದು ಎರಡನೆಯವರದು. ಹೆಚ್ಚಿನ ಕಡೆ ಎಡವುವುದು ಇಲ್ಲೇ. ಮೊದಲನೆಯವರ ನಂಬರುಗಳನ್ನೇ ಕೂಡಿಸಿ, ಸರಾಸರಿ ತೆಗೆದು, ಎರಡನೆಯವರ ಮುಂದೆ ಇಡುತ್ತಾರೆ.

ಪೋರ್ಟ್‌ಫೋಲಿಯೊ ಮೀಟಿಂಗಿನಲ್ಲಿ ಆಗುವ ತೀರ್ಮಾನಗಳು ಎಣಿಸಿದರೆ ಐದೇ. ಹೊಸದನ್ನು ಶುರು ಮಾಡುವುದು, ನಡೆಯುತ್ತಿರುವುದನ್ನು ನಿಲ್ಲಿಸುವುದು, ತಡೆಹಿಡಿಯುವುದು, ಜನರನ್ನು ಒಂದರಿಂದ ಇನ್ನೊಂದಕ್ಕೆ ಹಾಕುವುದು, ಇನ್ನಷ್ಟು ದುಡ್ಡು ಕೊಡುವುದು. ಕಳೆದ ಆರು ತಿಂಗಳ ಮೀಟಿಂಗ್ ಟಿಪ್ಪಣಿ ತೆಗೆದು, ಇವುಗಳಲ್ಲಿ ಯಾವುದು ಎಷ್ಟು ಸಲ ಆಗಿದೆ ಅಂತ ನೋಡಿ. ನಮ್ಮಲ್ಲಿ ‘ನಿಲ್ಲಿಸುವುದು’ ಸೊನ್ನೆ ಇತ್ತು. ಆರು ತಿಂಗಳಲ್ಲಿ ಒಂದನ್ನೂ ನಿಲ್ಲಿಸದ ಪೋರ್ಟ್‌ಫೋಲಿಯೊ ಅಂದರೆ ಎಲ್ಲವೂ ಅಷ್ಟು ಚೆನ್ನಾಗಿದೆ ಅಂತಲ್ಲ, ಯಾರಿಗೂ ಬಾಯಿ ಬಂದಿಲ್ಲ ಅಂತ.

ಪ್ರತಿ ತೀರ್ಮಾನದ ಎದುರಿಗೆ ಒಂದು ಪ್ರಶ್ನೆ ಬರೆಯಿರಿ, ಪ್ರಶ್ನೆಯ ಎದುರಿಗೆ ಒಂದೋ ಎರಡೋ ಅಳತೆ. ‘ನಿಲ್ಲಿಸುವುದು’ ಎದುರಿಗೆ: ಇನ್ನು ಖರ್ಚಾಗಲಿರುವ ದುಡ್ಡಿಗೆ ಇನ್ನು ಸಿಗಲಿರುವ ಲಾಭ ಸಾಕಾ? ಇಲ್ಲಿ ‘ಇನ್ನು’ ಅನ್ನುವ ಪದಕ್ಕೆ ಗೆರೆ ಎಳೆಯಿರಿ. ಈಗಾಗಲೇ ಖರ್ಚಾದದ್ದು ಈ ಲೆಕ್ಕಕ್ಕೆ ಬರಲೇಬಾರದು. ‘ಎರಡು ಕೋಟಿ ಹಾಕಿದ್ದೀವಿ, ಈಗ ಹೇಗೆ ಬಿಡೋದು’ ಎನ್ನುವವರು ಪ್ರತಿ ಮೀಟಿಂಗಿನಲ್ಲೂ ಒಬ್ಬರಿರುತ್ತಾರೆ.

ಹೆಜ್ಜೆ 3: ಲಾಭವನ್ನು ಅಳೆಯಿರಿ, ಮುಗಿದ ಶೇಕಡವನ್ನಲ್ಲ

ಬೆಂಗಳೂರಿನವರಿಗೆ ಇದನ್ನು ವಿವರಿಸಲು ನಮ್ಮ ಮೆಟ್ರೊದ ಹಳದಿ ಮಾರ್ಗಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ, ಸಿಲ್ಕ್ ಬೋರ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿ ಹಾದು, 19 ಕಿ.ಮೀ. ಚಿಲ್ಲರೆ, 16 ನಿಲ್ದಾಣ. ಕಂಬ ಎದ್ದಿತ್ತು, ಹಳಿ ಬಿದ್ದಿತ್ತು, ನಿಲ್ದಾಣಗಳೂ ಸಿದ್ಧ. ರೈಲಿನ ಬೋಗಿಗಳು ಮಾತ್ರ ಬಂದಿರಲಿಲ್ಲ. ಸಿವಿಲ್ ಕೆಲಸದ ಶೇಕಡ ನೋಡಿದವರಿಗೆ ಪ್ರಾಜೆಕ್ಟ್ ಬಹುತೇಕ ಮುಗಿದಿತ್ತು. ಹೊಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಕೂತು ತಲೆಮೇಲಿನ ಖಾಲಿ ಹಳಿ ನೋಡುತ್ತಿದ್ದವರಿಗೆ ಅದು ಶುರುವೇ ಆಗಿರಲಿಲ್ಲ. 2025ರ ಆಗಸ್ಟಿನಲ್ಲಿ ಓಡಾಟ ಶುರುವಾದಾಗಲೂ ಇದ್ದದ್ದು ಮೂರೇ ರೈಲು, ಹಾಗಾಗಿ 25 ನಿಮಿಷಕ್ಕೊಂದು.

ಇದರಲ್ಲಿ ಎರಡು ಪಾಠ ಇವೆ. ಮೊದಲನೆಯದು, ಹಳಿ, ನಿಲ್ದಾಣ, ಸಿಗ್ನಲ್, ರೈಲು ಇವು ಸರಪಳಿಯ ಕೊಂಡಿಗಳಿದ್ದ ಹಾಗೆ. ಮೂರು ಕೊಂಡಿ ನೂರಕ್ಕೆ ನೂರು, ಒಂದು ಕೊಂಡಿ ಹತ್ತು ಅಂತಿದ್ದರೆ ಸರಾಸರಿ 77.5 ಬರುತ್ತದೆ. ಪ್ರಯಾಣಿಕನಿಗೆ ಸಿಗುವುದು ಸೊನ್ನೆ. ಒಂದರ ಮೇಲೊಂದು ನಿಂತ ಕೆಲಸಗಳಲ್ಲಿ ಸರಾಸರಿ ಬಿಡಿ, ಎಲ್ಲಕ್ಕಿಂತ ಹಿಂದೆ ಬಿದ್ದಿರುವ ಕೊಂಡಿ ಯಾವುದು ಅಂತ ಮಾತ್ರ ತೋರಿಸಿ. ಎರಡನೆಯದು, ಕೊನೆಗೆ ಎಣಿಸಬೇಕಾದ್ದು ಜನಕ್ಕೆ ತಟ್ಟುವ ನಂಬರನ್ನು. ಪೀಕ್ ಅವರ್‌ನಲ್ಲಿ ಎಷ್ಟು ನಿಮಿಷಕ್ಕೊಂದು ರೈಲು? ದಿನಕ್ಕೆ ಎಷ್ಟು ಜನ ಹತ್ತಿದರು?

ನಿಮ್ಮ ಆಫೀಸಿನ ಪ್ರಾಜೆಕ್ಟಿಗೂ ಇದೇ ಕ್ರಮ. ‘ಹೊಸ ಬಿಲ್ಲಿಂಗ್ ಸಾಫ್ಟ್‌ವೇರ್ ಲೈವ್ ಆಗಿದೆ’ ಅನ್ನುವುದು ಕೆಲಸ ಮುಗಿದ ಸುದ್ದಿ. ‘ಬಿಲ್ ಕಳಿಸಲು 9 ದಿನ ಹಿಡಿಯುತ್ತಿತ್ತು, ಈಗ 4’ ಅನ್ನುವುದು ಲಾಭದ ಸುದ್ದಿ. ಪ್ರತಿ ಪ್ರಾಜೆಕ್ಟಿಗೂ ಲಾಭದ ಒಂದು ಸಾಲು ಬರೆಯಿಸಿ. ಅದರಲ್ಲಿ ನಾಲ್ಕು ವಿಷಯ ಇರಲಿ: ಏನು ಬದಲಾಗುತ್ತದೆ, ಈಗ ಎಷ್ಟಿದೆ, ಎಷ್ಟಾಗಬೇಕು, ಯಾವ ತಿಂಗಳಲ್ಲಿ ಯಾರು ಅಳೆದು ಹೇಳುತ್ತಾರೆ.

‘ಈಗ ಎಷ್ಟಿದೆ’ ಅನ್ನುವುದನ್ನು ಶುರುವಿನಲ್ಲೇ ಅಳೆದಿಡಿ. ನಾವು ಮೊದಲ ಸಲ ಎಡವಿದ್ದು ಇಲ್ಲೇ. ಪ್ರಾಜೆಕ್ಟ್ ಮುಗಿದ ಮೇಲೆ ಎಷ್ಟು ಸುಧಾರಿಸಿದೆ ಅಂತ ನೋಡಲು ಹೋದರೆ ಹಳೆಯ ಸ್ಥಿತಿಯ ದಾಖಲೆಯೇ ಇರಲಿಲ್ಲ. ಹಳೆ ಸರ್ವರ್ ಆಗಲೇ ಗುಜರಿಗೆ ಹೋಗಿತ್ತು. ಇನ್ನು ‘ಯಾರು’ ಅನ್ನುವ ಜಾಗದಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಹೆಸರು ಬೇಡ. ಲಾಭ ಕಾಣುವ ಹೊತ್ತಿಗೆ ಅವರು ಬೇರೆ ಪ್ರಾಜೆಕ್ಟಿನಲ್ಲಿರುತ್ತಾರೆ. ಲಾಭ ಉಣ್ಣುವ ಇಲಾಖೆಯವರ ಹೆಸರೇ ಇರಲಿ. ಹೆಸರು ಹಾಕಲು ಯಾರೂ ಮುಂದೆ ಬರಲಿಲ್ಲ ಅಂದರೆ ಆ ಪ್ರಾಜೆಕ್ಟನ್ನು ಶುರು ಮಾಡಬೇಕಾ ಅಂತಲೇ ಕೇಳಬಹುದು.

ಹೆಜ್ಜೆ 4: ದುಡ್ಡು ಮತ್ತು ಸಮಯ, ಒಂದಿಷ್ಟು ಗಣಿತದ ಜೊತೆ

‘ಆರು ತಿಂಗಳಲ್ಲಿ ಅರ್ಧ ಬಜೆಟ್ ಖರ್ಚಾಗಿದೆ, ಸರಿಯಾಗಿದೆ’ ಎಂಬ ಮಾತಿಗೆ ಅರ್ಥವಿಲ್ಲ. ಅರ್ಧ ಕೆಲಸ ಆಗಿದೆಯಾ? ಇದಕ್ಕೆ ಹಳೆಯ ಉಪಾಯ ಅರ್ನ್ಡ್ ವ್ಯಾಲ್ಯೂ, ಅಂದರೆ ನಿಜವಾಗಿ ಆಗಿರುವ ಕೆಲಸಕ್ಕೆ ದುಡ್ಡಿನ ಬೆಲೆ ಕಟ್ಟಿ ನೋಡುವುದು. ಅಮೆರಿಕದ ರಕ್ಷಣಾ ಇಲಾಖೆ 1967ರಲ್ಲಿ ದೊಡ್ಡ ಗುತ್ತಿಗೆಗಳಿಗೆ ತಂದ ನಿಯಮಗಳಿಂದ ಇದು ಹರಡಿತು. ಕೇಳಲು ಭಾರ, ಒಳಗೆ ನೋಡಿದರೆ ಭಾಗಾಕಾರ.

12 ತಿಂಗಳು, 60 ಲಕ್ಷದ ಪ್ರಾಜೆಕ್ಟ್ ತಗೊಳ್ಳಿ. ತಿಂಗಳಿಗೆ 5 ಲಕ್ಷದ ಕೆಲಸ ಸಮನಾಗಿ ಆಗಬೇಕು. ಆರನೇ ತಿಂಗಳ ಕೊನೆಗೆ 30 ಲಕ್ಷದ ಕೆಲಸ ಆಗಬೇಕಿತ್ತು. ನಿಜವಾಗಿ ಆಗಿರುವುದು 24 ಲಕ್ಷದ ಕೆಲಸ. ಖರ್ಚಾಗಿರುವುದು 32 ಲಕ್ಷ. 24ನ್ನು 32ರಿಂದ ಭಾಗಿಸಿದರೆ 0.75. ಇದು ಸಿಪಿಐ (ಕಾಸ್ಟ್ ಪರ್ಫಾರ್ಮೆನ್ಸ್ ಇಂಡೆಕ್ಸ್), ಅಂದರೆ ಖರ್ಚಿನ ಸೂಚ್ಯಂಕ. ಹಾಕಿದ ಪ್ರತಿ ರೂಪಾಯಿಗೆ 75 ಪೈಸೆಯ ಕೆಲಸ ಸಿಗುತ್ತಿದೆ ಅಂತ ಅರ್ಥ. ಹೀಗೇ ಸಾಗಿದರೆ ಒಟ್ಟು ಖರ್ಚು 60 ಭಾಗಿಸು 0.75, ಅಂದರೆ 80 ಲಕ್ಷ. ಪೋರ್ಟ್‌ಫೋಲಿಯೊ ಮೀಟಿಂಗಿಗೆ ಬೇಕಾದ್ದು ಈ 80. 0.75 ಅಂದರೆ ಯಾರಿಗೂ ಏನೂ ಅನಿಸುವುದಿಲ್ಲ. ‘ಇನ್ನೂ 20 ಲಕ್ಷ ಕೇಳಿಕೊಂಡು ಬರ್ತಾರೆ’ ಅಂದರೆ ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ.

ಸಮಯಕ್ಕೆ ಎಸ್‌ಪಿಐ (ಶೆಡ್ಯೂಲ್ ಪರ್ಫಾರ್ಮೆನ್ಸ್ ಇಂಡೆಕ್ಸ್): 24 ಭಾಗಿಸು 30, ಅಂದರೆ 0.8. ಇದರಲ್ಲೊಂದು ಮೋಸವಿದೆ. ಪ್ರಾಜೆಕ್ಟ್ 12ರ ಬದಲು 15 ತಿಂಗಳಿಗೆ ಮುಗಿಯಿತು ಅಂದುಕೊಳ್ಳಿ. ಮುಗಿದ ದಿನ ಆಗಬೇಕಿದ್ದ ಕೆಲಸ 60 ಲಕ್ಷದ್ದು, ಆಗಿರುವುದೂ 60 ಲಕ್ಷದ್ದು. ಎಸ್‌ಪಿಐ 1.0! ಮೂರು ತಿಂಗಳು ತಡವಾದ ಪ್ರಾಜೆಕ್ಟಿಗೆ ನೂರಕ್ಕೆ ನೂರು ಅಂಕ. ಎಷ್ಟೇ ತಡವಾಗಲಿ, ಕೊನೆಗೆ ಈ ಸಂಖ್ಯೆ ಒಂದಕ್ಕೇ ಬಂದು ನಿಲ್ಲುತ್ತದೆ. ವಾಲ್ಟ್ ಲಿಪ್ಕೆ ಎನ್ನುವವರು 2003ರಲ್ಲಿ ಇದಕ್ಕೊಂದು ತಿದ್ದುಪಡಿ ಸೂಚಿಸಿದರು. ರೂಪಾಯಿ ಬಿಟ್ಟು ತಿಂಗಳಲ್ಲಿ ಎಣಿಸಿ. 24 ಲಕ್ಷದ ಕೆಲಸ ಯೋಜನೆಯ ಪ್ರಕಾರ ಯಾವಾಗ ಆಗಬೇಕಿತ್ತು? 4.8 ತಿಂಗಳಿಗೆ. ಈಗ ಎಷ್ಟು ತಿಂಗಳಾಗಿದೆ? 6. ಅಂದರೆ 1.2 ತಿಂಗಳು ಹಿಂದೆ; 4.8 ಭಾಗಿಸು 6 ಮಾಡಿದರೆ 0.8. ಕೊನೆಯ ದಿನ ಇದೇ ಲೆಕ್ಕ ಹಾಕಿದರೂ 12 ಭಾಗಿಸು 15, ಅದೇ 0.8 ಬರುತ್ತದೆ, ಬಣ್ಣ ಬದಲಾಯಿಸುವುದಿಲ್ಲ. ನಾನಂತೂ ಎಸ್‌ಪಿಐ ಬಿಟ್ಟು ‘ಎಷ್ಟು ತಿಂಗಳು ಹಿಂದೆ’ ಅಂತಲೇ ಬರೆಯುತ್ತೇನೆ.

ಈ ಲೆಕ್ಕವೆಲ್ಲ ‘24 ಲಕ್ಷದ ಕೆಲಸ ಆಗಿದೆ’ ಅನ್ನುವುದು ನಿಜವಾಗಿದ್ದರೆ ಮಾತ್ರ ಸರಿ. ಅದನ್ನು ಟೀಮಿನ ಅಂದಾಜಿಗೆ ಬಿಟ್ಟರೆ ಮತ್ತೆ ಅದೇ ‘ಶೇ 90’. ಕೆಲಸವನ್ನು ಎರಡು ಮೂರು ವಾರದ ತುಂಡುಗಳಾಗಿ ಒಡೆದು, ಮುಗಿದಿದ್ದರೆ ನೂರು, ಇಲ್ಲದಿದ್ದರೆ ಸೊನ್ನೆ ಅಂತ ಹಾಕಿ. ಅರ್ಧ ಬೆಂದ ಅನ್ನಕ್ಕೆ ಅರ್ಧ ಮಾರ್ಕ್ಸ್ ಇಲ್ಲ.

ಎಲ್ಲ ಪ್ರಾಜೆಕ್ಟುಗಳನ್ನು ಒಟ್ಟಿಗೆ ತೋರಿಸುವಾಗ ತಲೆ ಎಣಿಸಬೇಡಿ, ದುಡ್ಡು ಎಣಿಸಿ. ಹತ್ತು ಲಕ್ಷದ ಒಂಬತ್ತು ಪ್ರಾಜೆಕ್ಟ್ ಚೆನ್ನಾಗಿವೆ, ಐದು ಕೋಟಿಯದೊಂದು ಮುಳುಗುತ್ತಿದೆ ಅನ್ನಿ. ತಲೆ ಎಣಿಸಿದರೆ ಶೇ 90 ಹಸಿರು. ದುಡ್ಡು ಎಣಿಸಿದರೆ 5.9 ಕೋಟಿಯಲ್ಲಿ 90 ಲಕ್ಷ, ಶೇ 15 ಮಾತ್ರ ಹಸಿರು.

ಕೆಲಸವನ್ನು ಸಣ್ಣ ಸಣ್ಣ ಸುತ್ತುಗಳಲ್ಲಿ ಮುಗಿಸುವ ಅಜೈಲ್ ಟೀಮುಗಳ ವೆಲಾಸಿಟಿ, ಅಂದರೆ ಒಂದು ಸುತ್ತಿನಲ್ಲಿ ಎಷ್ಟು ಪಾಯಿಂಟಿನ ಕೆಲಸ ಮುಗಿಸಿದರು ಅನ್ನುವ ಲೆಕ್ಕದ ಬಗ್ಗೆ ಒಂದೇ ಮಾತು: ಒಂದು ಟೀಮಿನದನ್ನು ಇನ್ನೊಂದರ ಜೊತೆ ಹೋಲಿಸಬೇಡಿ. ಪ್ರತಿ ಟೀಮಿನ ಪಾಯಿಂಟ್ ಅವರವರ ಮನೆಯ ಪಾವು ಸೇರು.

ಹೆಜ್ಜೆ 5: ಒಂದೇ ಸಲಕ್ಕೆ ಎಷ್ಟು ಒಲೆ ಹಚ್ಚಿದ್ದೀರಿ ಅಂತ ನೋಡಿ

ಪೋರ್ಟ್‌ಫೋಲಿಯೊ ಮಟ್ಟದಲ್ಲಷ್ಟೇ ಕಾಣುವ ಅಳತೆ ಇದು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದೂ ಇದೇ. ಅಮೆರಿಕದ ಸಂಶೋಧಕ ಜಾನ್ ಲಿಟಲ್ 1961ರಲ್ಲಿ ಸಾಬೀತು ಮಾಡಿದ ಒಂದು ನಿಯಮವಿದೆ. ಒಳಗೆ ಬರುವುದೂ ಹೊರಗೆ ಹೋಗುವುದೂ ಹೆಚ್ಚುಕಡಿಮೆ ಸಮ ಇದ್ದರೆ, ಒಂದು ಕೆಲಸಕ್ಕೆ ಹಿಡಿಯುವ ಸರಾಸರಿ ಸಮಯ ಅಂದರೆ ಕೈಯಲ್ಲಿರುವ ಕೆಲಸಗಳ ಸಂಖ್ಯೆಯನ್ನು ಮುಗಿಯುವ ವೇಗದಿಂದ ಭಾಗಿಸಿದ್ದು. ಕೈಯಲ್ಲಿ 24 ಪ್ರಾಜೆಕ್ಟ್, ತಿಂಗಳಿಗೆ 2 ಮುಗಿಯುತ್ತವೆ ಅಂದರೆ ಪ್ರತಿಯೊಂದಕ್ಕೂ ಸರಾಸರಿ ಒಂದು ವರ್ಷ. ಅದೇ ಜನ, ಅದೇ ವೇಗ, ಆದರೆ ಕೈಯಲ್ಲಿ 12 ಮಾತ್ರ ಇಟ್ಟುಕೊಂಡರೆ ಆರು ತಿಂಗಳು. ಯಾರೂ ಜಾಸ್ತಿ ದುಡಿದಿಲ್ಲ, ಸಾಲು ಚಿಕ್ಕದಾಯಿತು.

ಅಳೆಯಬೇಕಾದ್ದು ಮೂರು: ನಡೆಯುತ್ತಿರುವ ಪ್ರಾಜೆಕ್ಟ್ ಎಷ್ಟು, ತಿಂಗಳಿಗೆ ಎಷ್ಟು ಮುಗಿಯುತ್ತಿವೆ, ಒಬ್ಬೊಬ್ಬರು ಎಷ್ಟು ಪ್ರಾಜೆಕ್ಟಿನಲ್ಲಿದ್ದಾರೆ. ಮೂರನೆಯದನ್ನು ಎಲ್ಲರಿಗೂ ಅಳೆಯುವುದು ಬೇಡ, ಅಪರೂಪದ ಕೆಲಸ ಗೊತ್ತಿರುವ ನಾಲ್ಕೈದು ಜನಕ್ಕೆ ಸಾಕು. ನಮ್ಮಲ್ಲಿ ಒಬ್ಬ ಡೇಟಾಬೇಸ್ ಎಂಜಿನಿಯರ್ ಇದ್ದರು. 37 ಕೆಲಸಗಳಲ್ಲಿ 11ಕ್ಕೆ ಅವರು ಬೇಕಿತ್ತು. ಪ್ರತಿ ಪ್ರಾಜೆಕ್ಟ್ ಪ್ಲಾನಿನಲ್ಲೂ ಅವರ ಹೆಸರಿನ ಮುಂದೆ ‘ಶೇ 20’. ಕೂಡಿಸಿದರೆ ಶೇ 220. ಬೇರೆ ಬೇರೆ ಶೀಟಿನಲ್ಲಿ ಇದ್ದಷ್ಟು ದಿನ ಯಾರ ಕಣ್ಣಿಗೂ ಬೀಳಲಿಲ್ಲ. ಒಂದೇ ಸಾಲಿನಲ್ಲಿ ಬರೆದು ಮೀಟಿಂಗಿನಲ್ಲಿ ತೋರಿಸಿದಾಗ ಮಾತೇ ಇಲ್ಲ. ಆ ದಿನ ಮೊದಲ ಬಾರಿಗೆ ನಾಲ್ಕು ಪ್ರಾಜೆಕ್ಟ್ ತಡೆಹಿಡಿದರು.

ಇಲ್ಲಿ ತಪ್ಪಿಸಬೇಕಾದ ಅಳತೆ ಯುಟಿಲೈಸೇಷನ್. ಎಲ್ಲರೂ ಶೇ 100 ಬಿಝಿ ಇದ್ದಾರೆ ಅಂತ ಖುಷಿಪಡುವ ಮ್ಯಾನೇಜರ್ ಸಂಜೆ ಆರು ಗಂಟೆಗೆ ಸಿಲ್ಕ್ ಬೋರ್ಡಿಗೆ ಹೋಗಿ ನಿಲ್ಲಬೇಕು. ರಸ್ತೆಯ ಒಂದಿಂಚೂ ಖಾಲಿ ಇಲ್ಲ, ಪೂರ್ತಿ ಬಳಕೆಯಲ್ಲಿದೆ. ಯಾವ ಗಾಡಿಯೂ ಮುಂದೆ ಹೋಗುತ್ತಿಲ್ಲ.

ಹೆಜ್ಜೆ 6: ಕೆಂಪು ಯಾವಾಗ ಅಂತ ಮೊದಲೇ ಬರೆದಿಡಿ

ಬಣ್ಣವನ್ನು ಮ್ಯಾನೇಜರ್ ಆರಿಸುವಂತಿದ್ದರೆ ಅದು ಯಾವಾಗಲೂ ಹಸಿರೇ. ತನ್ನ ಹೆಸರಿನ ಮುಂದೆ ಕೆಂಪು ಹಚ್ಚಿಕೊಳ್ಳಲು ಯಾರಿಗೆ ಇಷ್ಟ ಹೇಳಿ. ಆದ್ದರಿಂದ ಪ್ರಾಜೆಕ್ಟ್ ಶುರುವಾಗುವ ದಿನವೇ ಗಡಿ ಹಾಕಿ. ಉದಾಹರಣೆಗೆ ಅಂದಾಜು ಖರ್ಚು ಮೂಲ ಬಜೆಟ್‌ಗಿಂತ ಶೇ 10 ದಾಟಿದರೆ ಹಳದಿ, 20 ದಾಟಿದರೆ ಕೆಂಪು. ಈ 10, 20 ನನ್ನವು, ನಿಮ್ಮ ಕೆಲಸದ ಸ್ವಭಾವ ನೋಡಿಕೊಂಡು ಬದಲಿಸಿ. ಪ್ರತಿ ಗಡಿಯ ಪಕ್ಕದಲ್ಲಿ ಏನಾಗುತ್ತದೆ ಅಂತಲೂ ಬರೆಯಿರಿ: ಕೆಂಪಾದರೆ ಐದು ಕೆಲಸದ ದಿನದೊಳಗೆ ಸ್ಪಾನ್ಸರ್ (ಪ್ರಾಜೆಕ್ಟಿಗೆ ಒಪ್ಪಿಗೆ, ದುಡ್ಡು ಕೊಟ್ಟವರು) ಜೊತೆ ಕೂತು ಮುಂದುವರಿಸುವುದೋ, ಕತ್ತರಿಸುವುದೋ, ನಿಲ್ಲಿಸುವುದೋ ತೀರ್ಮಾನ.

ಮೊದಲ ಬಾರಿಗೆ ಯಾರಾದರೂ ತಾವಾಗಿ ಕೆಂಪು ತೋರಿಸಿದಾಗ ಕೊಠಡಿಯಲ್ಲಿ ಏನಾಗುತ್ತದೆ ಅನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ. ಅವತ್ತು ಬೈದರೆ ಮುಂದಿನ ತಿಂಗಳಿಂದ ಮತ್ತೆ ಕಲ್ಲಂಗಡಿ ಸೀಸನ್ನು.

ಹೆಜ್ಜೆ 7: ಜನ ಈ ಅಳತೆಯನ್ನು ಹೇಗೆ ಯಾಮಾರಿಸಬಹುದು ಅಂತ ಯೋಚಿಸಿ

ಯಾಮಾರಿಸೇ ಯಾಮಾರಿಸುತ್ತಾರೆ, ನೀವೂ ನಾನೂ ಸೇರಿ. ಬ್ರಿಟಿಷ್ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಬಗ್ಗೆ ಬರೆಯುತ್ತಾ ಗುರುತಿಸಿದ ವಿಷಯ ಈಗ ಅವರದೇ ಹೆಸರಿನ ನಿಯಮ. ಅಳತೆಯನ್ನೇ ಗುರಿ ಮಾಡಿದರೆ ಅಳತೆ ಕೆಡುತ್ತದೆ.

ನಾವು ಎರಡನೇ ಸಲ ಎಡವಿದ್ದು ಇಲ್ಲಿ. ‘ಹೇಳಿದ ದಿನಕ್ಕೆ ಮುಗಿದ ಪ್ರಾಜೆಕ್ಟುಗಳ ಶೇಕಡ’ ಅಂತ ಒಂದು ಅಳತೆ ಇಟ್ಟೆವು. ಎರಡೇ ತ್ರೈಮಾಸಿಕದಲ್ಲಿ ಅದು ಭರ್ಜರಿಯಾಗಿ ಏರಿತು. ನೋಡಿದರೆ ತಡವಾಗುತ್ತಿದ್ದ ಪ್ರತಿ ಪ್ರಾಜೆಕ್ಟೂ ಕೊನೆಯ ತಿಂಗಳಲ್ಲಿ ‘ಬೇಸ್‌ಲೈನ್ ಪರಿಷ್ಕರಣೆ’ ಫಾರಂ ತುಂಬಿತ್ತು. ದಿನಾಂಕವೇ ಮುಂದೆ ಹೋದರೆ ತಡ ಎಲ್ಲಿಂದ ಬಂತು, ಅಲ್ವಾ?

ಇದಕ್ಕೆ ಮದ್ದು, ಮೊದಲ ದಿನಾಂಕ ಮತ್ತು ಮೊದಲ ಬಜೆಟ್ಟನ್ನು ಎಂದೂ ಅಳಿಸದಿರುವುದು. ಕೇಂದ್ರ ಸರ್ಕಾರದ ಅಂಕಿಅಂಶ ಮತ್ತು ಕಾರ್ಯಕ್ರಮ ಅನುಷ್ಠಾನ ಸಚಿವಾಲಯ 150 ಕೋಟಿ ರೂಪಾಯಿ ಮತ್ತು ಅದಕ್ಕೂ ಮೇಲಿನ ಕೇಂದ್ರ ಯೋಜನೆಗಳ ಮೇಲೆ ಕಣ್ಣಿಡುತ್ತದೆ. ಅದರ ವರದಿಗಳಲ್ಲಿ ಮೂಲ ವೆಚ್ಚದ ಪಕ್ಕದಲ್ಲೇ ಈಗಿನ ಅಂದಾಜು ವೆಚ್ಚ ಕೂತಿರುತ್ತದೆ. ಮೂಲ ದಿನಾಂಕಕ್ಕೂ ಅಷ್ಟೇ. ಪರಿಷ್ಕರಣೆ ಎಷ್ಟು ಸಲ ಆಗಿದ್ದರೂ ಹಳೆಯದು ಕಣ್ಣೆದುರು ಇರುತ್ತದೆ. ಸರ್ಕಾರಿ ವರದಿ ಅಂತ ಮೂಗು ಮುರಿಯುವ ಖಾಸಗಿ ಕಂಪನಿಗಳಲ್ಲಿ ಇಷ್ಟೂ ಇರುವುದಿಲ್ಲ.

ಹಾಗಂತ ಮೂಲದಿಂದ ಸರಿದದ್ದೆಲ್ಲ ತಪ್ಪೂ ಅಲ್ಲ. ನಮ್ಮ ಮೆಟ್ರೊ ಮೊದಲ ಹಂತಕ್ಕೆ 2006ರಲ್ಲಿ ಒಪ್ಪಿಗೆ ಸಿಕ್ಕಿದ್ದು 33 ಕಿ.ಮೀ.ಗೆ, 6,395 ಕೋಟಿಗೆ. 2017ರಲ್ಲಿ ಪೂರ್ತಿಯಾದಾಗ ಉದ್ದ 42.3 ಕಿ.ಮೀ., ಖರ್ಚು 13,000 ಕೋಟಿ ದಾಟಿತ್ತು. ಇದರಲ್ಲಿ ಒಂದು ಪಾಲು ಬೇಕೆಂದೇ ಸೇರಿಸಿದ ಒಂಬತ್ತು ಚಿಲ್ಲರೆ ಕಿ.ಮೀ.ಯದು, ಉಳಿದದ್ದಕ್ಕೆ ಬೇರೆ ಕಾರಣಗಳು. ನಿಮ್ಮ ಶೀಟಿನಲ್ಲೂ ‘ಕೆಲಸ ಹೆಚ್ಚಾದದ್ದಕ್ಕೆ ಎಷ್ಟು, ಲೆಕ್ಕ ತಪ್ಪಿದ್ದಕ್ಕೆ ಎಷ್ಟು’ ಅಂತ ಒಡೆದು ತೋರಿಸಿ. ಒಟ್ಟು ಒಂದೇ ಶೇಕಡ ತೋರಿಸಿದರೆ ಯಾವುದು ಎಷ್ಟು ಅಂತ ತಿಳಿಯುವುದೇ ಇಲ್ಲ.

ಇನ್ನೊಂದು ಉಪಾಯ, ಅಳತೆಗಳನ್ನು ಎತ್ತಿನ ಹಾಗೆ ಜೋಡಿ ಕಟ್ಟುವುದು. ವೇಗ ಅಳೆದರೆ ಜೊತೆಗೆ ಲೈವ್ ಆದ ಮೊದಲ 60 ದಿನದಲ್ಲಿ ಬಂದ ದೂರುಗಳನ್ನೂ ಅಳೆಯಿರಿ. ಖರ್ಚು ಅಳೆದರೆ ಜೊತೆಗೆ ಕೈಬಿಟ್ಟ ಕೆಲಸಗಳ ಪಟ್ಟಿ ಇರಲಿ. ಒಂದನ್ನು ಯಾಮಾರಿಸಿದರೆ ಇನ್ನೊಂದು ಹೇಳಿಬಿಡುತ್ತದೆ.

ಮತ್ತೆ, ದಯವಿಟ್ಟು, ಮೊದಲ ವರ್ಷ ಈ ಯಾವ ನಂಬರನ್ನೂ ಅಪ್ರೈಸಲ್‌ಗೆ ಕಟ್ಟಬೇಡಿ.

ಹೆಜ್ಜೆ 8: ಒಂದು ಪುಟ, ಮೂರು ತಿಂಗಳ ಪ್ರಯೋಗ, ಆಮೇಲೆ ಕತ್ತರಿ

ಕೊನೆಗೆ ನಮ್ಮ ಪುಟದಲ್ಲಿ ಉಳಿದದ್ದು ಏಳು ಸಾಲು: ಪ್ರಾಜೆಕ್ಟಿನ ಲಾಭದ ಸಾಲು, ಮೂಲ ಬಜೆಟ್ ಎದುರು ಅಂದಾಜು ಖರ್ಚು, ಮೂಲ ದಿನಾಂಕದಿಂದ ಎಷ್ಟು ತಿಂಗಳು ಹಿಂದೆ, ಹಿಂದೆ ಬಿದ್ದಿರುವ ಕೊಂಡಿ, ನಡೆಯುತ್ತಿರುವ ಮತ್ತು ಮುಗಿದ ಪ್ರಾಜೆಕ್ಟುಗಳ ಸಂಖ್ಯೆ, ಎಲ್ಲರೂ ಎಳೆದಾಡುವ ಐದು ಜನರ ಹೊರೆ, ಮುಗಿದವುಗಳ ಲಾಭ ನಿಜವಾಗಿ ಬಂತಾ ಅನ್ನುವುದು. ನಿಮ್ಮದು ಬೇರೆ ಇರಬಹುದು. ಹತ್ತು ದಾಟಿತು ಅಂದರೆ ಮಾತ್ರ ಅನುಮಾನಪಡಿ.

ತಿಂಗಳಿಗೊಮ್ಮೆ ಸೇರಿ. ಅಂಕಿ ಓದಿ ಹೇಳುವುದಕ್ಕೆ ಸಮಯ ಕೊಡಬೇಡಿ, ಹಿಂದಿನ ದಿನವೇ ಕಳಿಸಿ. ಮೀಟಿಂಗು ಗಡಿ ದಾಟಿದವುಗಳಿಂದಲೇ ಶುರುವಾಗಲಿ. ಮೂರು ತಿಂಗಳ ಬಳಿಕ ಪ್ರತಿ ಅಳತೆಯ ಪಕ್ಕದಲ್ಲಿ, ಅದರಿಂದ ಯಾವ ತೀರ್ಮಾನ ಆಯಿತು ಅಂತ ಬರೆಯಿರಿ. ಖಾಲಿ ಉಳಿದದ್ದನ್ನು ತೆಗೆಯಿರಿ. ತೆಗೆಯಲು ಹೆದರಿಕೆ ಆದರೆ ಮೊದಲು ಬಚ್ಚಿಡಿ, ಯಾರಾದರೂ ಕೇಳುತ್ತಾರಾ ನೋಡಿ.

ನಾವು ಹಾಗೆಯೇ ಮಾಡಿದೆವು. 41 ಕಾಲಂ ಹೋಗಿ ಏಳು ಸಾಲು ಬಂದ ಮೇಲೆ ಎರಡು ತಿಂಗಳಲ್ಲಿ ಹಳೆಯ ಶೀಟಿನ ಬಗ್ಗೆ ಬಂದದ್ದು ಒಂದೇ ಫೋನು. ಮೇಲಿನವರು ಯಾರೂ ಅಲ್ಲ, ಅದನ್ನು ಪ್ರತಿ ಶುಕ್ರವಾರ ತುಂಬುತ್ತಿದ್ದ ಹುಡುಗ. ‘ಸಾರ್, ಇನ್ಮೇಲೆ ನಿಜವಾಗ್ಲೂ ತುಂಬೋದು ಬೇಡ್ವಾ?’ ಅಂತ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡ.